ಬಾಯಿಬಟ್ಟೆ

ಕಲ್ಲುಬಾವಿಪಾಳ್ಯ, ತುರುವೇಕೆರೆ ತಾಲ್ಲೂಕು
12-2-1980

ಓಬಮ್ಮನಿಗೆ,

ಇಲ್ಲಿ ನಾನು, ನಿನ್ನ ಅತ್ತಿಗೆ ರಾಮಕ್ಕ, ಮಗಳು ಪುಟ್ಟಗಂಗಿ ಎಲ್ಲರೂ ಗಟ್ಟಿಯಾಗಿದ್ದೇವೆ. ನೀನು, ಭಾವ ಹೇಗಿದ್ದೀರಿ ಎಂದು ಕೇಳುವುದಕ್ಕೆ ಮೊದಲೇ ನನ್ನ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಆಗುತ್ತಿಲ್ಲ. ಮೇಲಿನಹಳ್ಳಿ ಅಮ್ಮನ ಗುಡಿಗೆ ಹೊಸ ಮೂರ್ತಿ ಮಾಡುವ ಕೆಲಸ ನನಗೆ ಬಂದಿದೆ. ಒರಳುಕಲ್ಲು, ಬೇಲಿಕಂಬ ಕಡಿದುಕೊಂಡಿದ್ದ ನಿನ್ನ ಅಣ್ಣ ಹುಚ್ಚರಂಗ ಆಳೆತ್ತರದ ಅಮ್ಮನನ್ನು ಕಡೆಯುತ್ತಾನೆ. ಕರಿಕಲ್ಲಿನಲ್ಲಿ.

ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇದೆ. ಗುಡಿ ಕಮಿಟಿಯ ಯಜಮಾನರು ಶಂಭುಲಿಂಗಯ್ಯನವರು ಕರೆಸಿದ್ದರು. ಅವರು ಜಗುಲಿ ಮೇಲೆ, ನಾನು ಅಂಗಳದಲ್ಲಿ. "ನಿಮ್ಮಪ್ಪ ಕೆಂಚಯ್ಯ ನಮ್ ಬಸವಣ್ಣನ್ನ ಮಾಡ್ದಾಗ ಪದ್ಧತಿ ಹೆಂಗಿತ್ತು ಅಂತ ನಿಂಗೆ ಗೊತ್ತೈತಲ್ಲಪ್ಪ, ಅಂಗೇ ನಡ್ಕೊಂಡೋಗು" ಅಂದರು. ಆ ಪದ್ಧತಿ ನಿನಗೂ ಮರೆತಿರಲಾರದು. ದೇವರ ಮೇಲೆ ನಮ್ಮಂಥವರ ಉಸಿರು ಬೀಳಬಾರದು, ಎಂಜಲು ಸಿಡಿಯಬಾರದು ಎಂದು ಅಪ್ಪನ ಮೂಗು ಬಾಯಿ ಸೇರಿಸಿ ಮಡಿಯ ಒದ್ದೆ ಬಟ್ಟೆ ಕಟ್ಟಿಸುತ್ತಿದ್ದರಲ್ಲ, ಅದು.

ನನಗೆ ಎಲ್ಲಿತ್ತೋ ಧೈರ್ಯ. "ಬಾಯ್ಗೆ ಬಟ್ಟೆ ಕಟ್ಕಂಡು ನಾನು ಉಳಿ ಹಿಡಿಯಾಕಿಲ್ಲ ಸ್ವಾಮಿ. ಬ್ಯಾಡ ಅಂದ್ರೆ ಬ್ಯಾರೆಯವ್ರನ್ನ ನೋಡ್ಕಳಿ" ಅಂದುಬಿಟ್ಟೆ. ಜಗುಲಿ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಈ ಸುತ್ತಿನಲ್ಲಿ ಕರಿಕಲ್ಲು ಕಡೆಯುವ ಕೈ ಇನ್ನೊಂದಿಲ್ಲ ಎನ್ನುವುದು ಅವರಿಗೂ ಗೊತ್ತು. ಕೊನೆಗೆ ಯಜಮಾನರು "ಆಯ್ತು ಬುಡು, ಕಾಲ ಕೆಟ್ಟೋಯ್ತು" ಅಂದರು. ಕೆಟ್ಟಿದ್ದೇ ಒಳ್ಳೆಯದಾಯಿತು ಎಂದುಕೊಂಡು ಬಂದೆ. ದಾರಿಯುದ್ದಕ್ಕೂ ತೆಂಗಿನ ಸಾಲಿನಲ್ಲಿ ಬಾಯಿ ತೆರೆದು ಜೋರಾಗಿ ಉಸಿರು ಎಳೆದುಕೊಳ್ಳುತ್ತ ಬಂದೆ ಕಣೇ. ಅಪ್ಪ ಇರಬೇಕಾಗಿತ್ತು.

ಈಗ ನಿನ್ನಿಂದ ಒಂದು ಕೆಲಸ. ಅಪ್ಪನ ಕುಲುಮೆಗೆ ತಿದಿ ಒತ್ತುತ್ತ ಕೂತಿದ್ದವಳು ನೀನು. ಕಲ್ಲು ಆರಿಸುವಾಗಲೂ ನಿನ್ನನ್ನೇ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ನಾನು ಆಗ ದನದ ಹಿಂದೆ. ಮೂರ್ತಿ ಕಲ್ಲಿಗೆ ಏನೇನು ನೋಡಬೇಕು, ಉಳಿಗೆ ಹದ ಹೇಗೆ ಕೊಡಬೇಕು, ನೆನಪಿದ್ದಷ್ಟು ಬರೆ.

ನಿನ್ನ ಅಣ್ಣ
ಹುಚ್ಚರಂಗಯ್ಯ


ಗಣಿ ಕಾಲೋನಿ, ರಾಯಚೂರು ಜಿಲ್ಲೆ
3-3-1980

ಅಣ್ಣನಿಗೆ,

ನಿನ್ನ ಕಾಗದ ಓದಿ ಕುಣಿದಾಡಿಬಿಟ್ಟೆ. ಪಕ್ಕದ ಮನೆಯವಳು ಲಾಟರಿ ಬಂತೇನೋ ಎಂದು ಓಡಿ ಬಂದಳು. ಜಗುಲಿ ಮುಂದೆ ನಿಂತು ಹಾಗೆ ಅಂದೆಯಾ? ನೀನಾ? ಹುಲ್ಲಿಗೆ ಹೋದಾಗ ಗೂಳಿ ಕಂಡರೆ ನನ್ನನ್ನು ಮುಂದೆ ಬಿಟ್ಟು ಓಡುತ್ತಿದ್ದವನು ನೀನೇ ತಾನೆ?

ಸರಿ, ಕೇಳು. ಕಲ್ಲನ್ನು ಕೊಳ್ಳುವ ಮುಂಚೆ ಚಿಕ್ಕ ಸುತ್ತಿಗೆಯಿಂದ ತಲೆಯಿಂದ ಬುಡದವರೆಗೆ ತಟ್ಟುತ್ತ ಬರಬೇಕು. ಉದ್ದಕ್ಕೂ ಕಂಚಿನ ಗಂಟೆಯ ಹಾಗೆ ಒಂದೇ ದನಿ ಬಂದರೆ ಮೂರ್ತಿಗೆ ಆಗುತ್ತದೆ. ನಡುವೆ ಎಲ್ಲಾದರೂ ದನಿ ಮಂಕಾದರೆ ಒಳಗೆ ಬಿರುಕಿದೆ ಎಂದೇ ಅರ್ಥ, ಎಷ್ಟು ಚೆಂದ ಕಂಡರೂ ಬಿಟ್ಟು ಬರಬೇಕು. ಅಪ್ಪ ತಟ್ಟಿ ಕಿವಿ ಇಟ್ಟು, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ. ನಾನು ಮಾತಾಡಿದರೆ ಬೈಯುತ್ತಿದ್ದ. ಆಮೇಲೆ ಕಲ್ಲಿನ ಮೇಲೆ ನೀರು ಹುಯ್ದು ಒಣಗುವುದನ್ನು ನೋಡು. ಎಲ್ಲ ಆರಿದ ಮೇಲೂ ಒಂದು ಎಳೆ ಒದ್ದೆಯಾಗಿ ಉಳಿದರೆ ಅದೂ ಬೇಡ.

ಉಳಿ ಕಾಯಿಸುವುದಕ್ಕೆ ಮರದ ಇದ್ದಿಲು ಸಾಲದು, ತೆಂಗಿನ ಚಿಪ್ಪಿನ ಇದ್ದಿಲೇ ಬೇಕು. ಮೊನೆ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ಬಂದಾಗ ನೀರಿಗೆ ಅದ್ದು. ಕೆಂಪಗಿರುವಾಗಲೇ ಅದ್ದಿದರೆ ಕರಿಕಲ್ಲಿಗೆ ತಾಕಿದ ಕೂಡಲೇ ಮೊನೆ ಮುರಿದು ಕಣ್ಣಿಗೆ ಸಿಡಿಯುತ್ತದೆ. ಕಡೆಯುವಾಗಲೆಲ್ಲ ಕಲ್ಲನ್ನು ಒದ್ದೆ ಮಾಡಿಕೊಳ್ಳುತ್ತಿರು. ಇದನ್ನು ಮಾತ್ರ ಮರೆಯಬೇಡ ಅಣ್ಣ. ಹೆಂಗಸರ ಮಾತು ಎಂದು ತಳ್ಳಬೇಡ.

ಇವರು ಚೆನ್ನಾಗಿದ್ದಾರೆ. ಇನ್ನು ಸುರಂಗಕ್ಕೆ ಇಳಿಯುವ ಹಾಗಿಲ್ಲ, ಮೇಲೆ ಸ್ಟೋರಿನಲ್ಲಿ ಕೂರಿಸಿದ್ದಾರೆ. ಸಾಮಾನು ಕೊಡುವುದು, ಇಸಿದುಕೊಳ್ಳುವುದು. ನಿನ್ನ ಸುದ್ದಿ ಕೇಳಿ ಬಹಳ ಸಂತೋಷಪಟ್ಟರು.

ಓಬಮ್ಮ


ಕಲ್ಲುಬಾವಿಪಾಳ್ಯ
20-6-1980

ಓಬಮ್ಮನಿಗೆ,

ಎಲ್ಲರೂ ಗಟ್ಟಿಯಾಗಿದ್ದೇವೆ. ಭಾವನಿಗೆ ಕುರ್ಚಿ ಸಿಕ್ಕಿದ್ದು ಕೇಳಿ ಎಲ್ಲರಿಗೂ ಹೇಳಿಕೊಂಡು ಬಂದೆ. ನೆರಳಿನಲ್ಲಿ ಕೂತು ಸಂಬಳ ಎಣಿಸುವ ಪುಣ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ನಮ್ಮ ವೆಂಕಟಯ್ಯ ಭಾವನಿಗೆ ಬಂತು. ಕೂತು ಕೂತು ಹೊಟ್ಟೆ ಬಂದಿದೆಯೋ ಇಲ್ಲವೋ ಬರೆ.

ಕಲ್ಲು ಸಿಕ್ಕಿತು. ನೀನು ಹೇಳಿದ ಹಾಗೆ ತಟ್ಟಿದೆ, ನೀರು ಹುಯ್ದೆ. ಒಳ್ಳೆಯ ದನಿ. ಎರಡು ಜೊತೆ ಎತ್ತು, ಹೊಸ ತೆಂಗಿನ ಹಗ್ಗ, ಇಡೀ ಪಾಳ್ಯದ ಗಂಡಸರು ಸೇರಿ ಎಳೆದು ತಂದೆವು. ಗಂಗಣ್ಣನ ತೆಂಗಿನ ತೋಟದಲ್ಲಿ ಬೋರ್‌ವೆಲ್ ಪಂಪಿನ ಮನೆ ಪಕ್ಕ ಗರಿಯ ಚಪ್ಪರ ಹಾಕಿದ್ದೇನೆ. ಅಮ್ಮನಿಗೆ ಕಣ್ಣು ಬಿಡಿಸುವವರೆಗೆ ಯಾರೂ ನೋಡಬಾರದಲ್ಲ, ಸುತ್ತಲೂ ಗರಿ ಹೆಣೆದು, ಒಳಗೆ ಗೋಣಿತಾಟು ಕಟ್ಟಿ, ಒಂದು ಕಿಂಡಿಯೂ ಇಲ್ಲದ ಹಾಗೆ ಮಾಡಿದ್ದೇನೆ.

ತೋಟವನ್ನೇ ಏಕೆ ಆರಿಸಿದೆ ಗೊತ್ತಾ? ಕರೆಂಟಿಗೆ. ತಿಪಟೂರಿಗೆ ಹೋಗಿ ಗ್ರೈಂಡರ್ ಮಿಷನ್ ತಂದಿದ್ದೇನೆ! ಅಂಗೈಯಗಲದ ಚಕ್ರ, ಗುಂಡಿ ಒತ್ತಿದರೆ ಕಲ್ಲು ಬೆಣ್ಣೆ. ಅಪ್ಪ ಒಂದು ತಿಂಗಳು ಬಡಿಯುತ್ತಿದ್ದುದನ್ನು ಎರಡು ದಿನಕ್ಕೆ ಇಳಿಸುತ್ತದೆ. ನಿನ್ನ ಚಿಪ್ಪಿನ ಇದ್ದಿಲೂ ಬೇಕಿಲ್ಲ, ತುದಿಗೆ ಬೇರೆ ಲೋಹ ಕೂರಿಸಿದ ಉಳಿ ಬಂದಿವೆ, ಹದ ಕೊಡುವ ತಾಪತ್ರಯವೇ ಇಲ್ಲ. ಇಲೆಕ್ಟ್ರಿಕ್ ಅಂಗಡಿಯವನು ಒಂದೇ ಒಂದು ಮಾತು ಹೇಳಿ ಕಳಿಸಿದ: "ನೀರ್ ಮಾತ್ರ ತಾಕುಸ್ಬೇಡ ಕಣಣ್ಣ, ಶಾಕ್ ಹೊಡೆದ್ರೆ ಅಲ್ಲೇ ಶಿವಾ." ಹಾಗಾಗಿ ಒಣಗಲ್ಲನ್ನೇ ಉಜ್ಜುತ್ತೇನೆ.

ಧೂಳು ಮಾತ್ರ ಹೇಳತೀರದು. ಚಪ್ಪರದೊಳಗೆ ನನ್ನ ಕೈ ನನಗೇ ಕಾಣುವುದಿಲ್ಲ. ಸಂಜೆ ಹೊರಗೆ ಬಂದರೆ ಪುಟ್ಟಗಂಗಿ "ಅಪ್ಪ ಹಿಟ್ಟಿನ ಮಿಷನ್ನಿಂದ ಬಂತು" ಎಂದು ನಗುತ್ತಾಳೆ. ಕ್ಯಾಕರಿಸಿದರೆ ಬೂದಿ ಬಣ್ಣದ ಕಫ. ಬಿಸಿನೀರು ಕುಡಿದರೆ ಸರಿಹೋಗುತ್ತದೆ.

ಹುಚ್ಚರಂಗಯ್ಯ


ಗಣಿ ಕಾಲೋನಿ
15-7-1980

ಅಣ್ಣ,

ಈ ಕಾಗದದ ಜೊತೆ ಒಂದು ಪಾರ್ಸೆಲ್ ಬರುತ್ತದೆ. ಅದು ಕೈಗೆ ಸಿಗುವವರೆಗೆ ಆ ಮಿಷನ್ ಮುಟ್ಟಬೇಡ. ಇದು ತಮಾಷೆಯಲ್ಲ.

ಒಳಗೆ ಎರಡು ಸಾಮಾನು ಇವೆ. ಒಂದು ಕಣ್ಣಿನ ಕನ್ನಡಕ, ದಪ್ಪ ಗಾಜಿನದು, ಸುತ್ತ ರಬ್ಬರು ಇದೆ. ಇನ್ನೊಂದು ಮಾಸ್ಕು. ಮೂಗು ಬಾಯಿ ಎರಡನ್ನೂ ಮುಚ್ಚಬೇಕು. ಮುಂದೆ ದುಂಡಗೆ ಡಬ್ಬಿಯ ಹಾಗಿದೆಯಲ್ಲ, ಅದರೊಳಗೆ ಬಿಲ್ಲೆ ಇರುತ್ತದೆ, ಧೂಳನ್ನು ಅದು ಹಿಡಿಯುತ್ತದೆ. ಪಟ್ಟಿಯನ್ನು ತಲೆಯ ಹಿಂದಕ್ಕೆ ಬಿಗಿಯಾಗಿ ಎಳೆದು ಕಟ್ಟು. ಅಂಗೈಯಿಂದ ಡಬ್ಬಿ ಮುಚ್ಚಿ ಉಸಿರು ಎಳೆದರೆ ಮಾಸ್ಕು ಮುಖಕ್ಕೆ ಅಂಟಿಕೊಳ್ಳಬೇಕು. ಪಕ್ಕದಿಂದ ಗಾಳಿ ನುಸುಳಿದರೆ ಪ್ರಯೋಜನವಿಲ್ಲ. ಅಮ್ಮನ ಕೆಲಸ ಮುಗಿಯುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಹರಕೆ ಹೊತ್ತಿರುತ್ತೀಯ, ನನಗೆ ಗೊತ್ತು. ತಪ್ಪುಕಾಣಿಕೆ ಕಟ್ಟಿ ಗಡ್ಡ ಬೋಳಿಸು. ಗಡ್ಡದ ಮೇಲೆ ಇದು ಕೂರುವುದಿಲ್ಲ.

ಚಪ್ಪರದ ಗೋಣಿತಾಟು ಕಿತ್ತು ಹಾಕು, ಎರಡು ಕಡೆ ಗಾಳಿಯಾಡಲಿ. ಯಾರಾದರೂ ನೋಡಿದರೆ ನೋಡಿಕೊಳ್ಳಲಿ. ಆದಷ್ಟೂ ಮಿಷನ್ ಬಿಟ್ಟು ಕೈ ಉಳಿಯಲ್ಲೇ ಮಾಡು, ಕಲ್ಲಿಗೆ ನೀರು ಹಾಕಿಕೊಂಡು.

ಏಕೆ ಎಂದು ಕೇಳಬೇಡ. ಗಣಿ ಊರಿನಲ್ಲಿರುವವರಿಗೆ ಕಲ್ಲಿನ ಧೂಳು ಏನು ಎಂದು ಗೊತ್ತು. ಮಾಸ್ಕು ಹೊಸದು, ಇವರು ಸ್ಟೋರಿನಲ್ಲಿದ್ದಾರಲ್ಲ, ಸಿಕ್ಕಿತು.

ಓಬಮ್ಮ


ಕಲ್ಲುಬಾವಿಪಾಳ್ಯ
9-8-1980

ಓಬಮ್ಮನಿಗೆ,

ಕನ್ನಡಕ ಇಟ್ಟುಕೊಂಡಿದ್ದೇನೆ. ಸಿನಿಮಾ ಕೇಡಿಯ ಹಾಗೆ ಕಾಣುತ್ತೇನೆ ಎಂದು ರಾಮಕ್ಕ ನಗುತ್ತಾಳೆ, ಆದರೆ ಚಕ್ಕೆ ಸಿಡಿದರೂ ಕಣ್ಣಿಗೆ ಭಯವಿಲ್ಲ. ಅದಕ್ಕೆ ನಿನಗೆ ಪುಣ್ಯ ಬರಲಿ.

ಇನ್ನೊಂದನ್ನು ವಾಪಸು ಕಳಿಸಿದ್ದೇನೆ.

ನಿನಗೆ ಮರೆತೇಹೋಯಿತೇ? ಗುಡಿ ಬಾಗಿಲಲ್ಲಿ ಅಪ್ಪ ಬಸವಣ್ಣನನ್ನು ಕಡೆಯುತ್ತಿದ್ದಾಗ ನಾವಿಬ್ಬರೂ ಬುತ್ತಿ ತೆಗೆದುಕೊಂಡು ಹೋಗಿದ್ದೆವು. ಬಟ್ಟೆ ಜಾರಿ ಮೂಗಿನ ಕೆಳಕ್ಕೆ ಬಂದಿತ್ತು. ಕೆಲಸದಲ್ಲಿ ಅವನಿಗೆ ತಿಳಿದಿರಲಿಲ್ಲ. ಜಗುಲಿಯಿಂದ ಯಾರೋ ಒಬ್ಬ ಚಿಕ್ಕ ವಯಸ್ಸಿನವನು "ಲೇ ಕೆಂಚ, ಮೂತಿ ಮುಚ್ಕಳ್ಳಾ" ಅಂದ. ಅಪ್ಪ ನಮ್ಮನ್ನು ನೋಡಿದ. ಆಮೇಲೆ ಬಟ್ಟೆ ಮೇಲೆ ಎಳೆದುಕೊಂಡ. ಆವತ್ತು ಅವನು ಊಟ ಮಾಡಲಿಲ್ಲ, ಬುತ್ತಿ ಹಾಗೇ ವಾಪಸು ತಂದೆವು. ಆ ಮೂರ್ತಿಗೆ ಅವನ ಕೈ ಆಗುತ್ತಿತ್ತು, ಬೆವರು ಆಗುತ್ತಿತ್ತು, ಉಸಿರು ಮಾತ್ರ ಆಗುತ್ತಿರಲಿಲ್ಲ.

ಜಗುಲಿ ಮುಂದೆ ನಿಂತು ನಾನು ಗೆದ್ದುಕೊಂಡು ಬಂದದ್ದು ಅದೊಂದನ್ನೇ. ಈಗ ನಾನು ನಿನ್ನ ರಬ್ಬರಿನ ಮೂತಿ ಕಟ್ಟಿಕೊಂಡು ಚಪ್ಪರದಿಂದ ಹೊರಗೆ ಬಂದರೆ ಶಂಭುಲಿಂಗಯ್ಯ ಏನೆನ್ನುತ್ತಾರೆ? ಹುಚ್ಚರಂಗ ದಾರಿಗೆ ಬಂದ ಅನ್ನುವುದಿಲ್ಲವೇ? ಅವರ ಆಳು ದಿನವೂ ಏನಾದರೊಂದು ನೆಪ ಹಿಡಿದು ಬಂದು ನನ್ನ ಮುಖ ನೋಡಿಕೊಂಡು ಹೋಗುತ್ತಾನೆ. ಅವನು ನೋಡಲಿ ಎಂದೇ ನಾನು ಬಾಗಿಲಿಗೆ ಬಂದು ಬಾಯಿ ತುಂಬ ಮಾತಾಡಿಸುತ್ತೇನೆ.

ಅವರು ಕಟ್ಟು ಅಂದಾಗ ಸಿಟ್ಟು ಬಂದಿತ್ತು. ನೀನು ಕಟ್ಟು ಅಂದದ್ದಕ್ಕೆ ಅಳು ಬಂತು. ಕುರ್ಚಿ ಮೇಲೆ ಕೂತವರ ಮನೆಗೆ ಹೋದ ಮೇಲೆ ನಿನಗೂ ನಮ್ಮ ಉಸಿರು ಹೇಸಿಗೆಯಾಯಿತೇ?

ಹುಚ್ಚರಂಗಯ್ಯ


ಗಣಿ ಕಾಲೋನಿ
28-8-1980

ಅಣ್ಣ,

ಹಾಗೆ ಬರೆಯುವುದಕ್ಕೆ ನಿನಗೆ ಕೈ ಹೇಗೆ ಬಂತು?

ಆ ಬುತ್ತಿ ತಲೆಯ ಮೇಲೆ ಹೊತ್ತು ವಾಪಸು ತಂದವಳು ನಾನು. ನೀನು ಮುಂದೆ ಮುಂದೆ ಹೋದೆ. ಅಪ್ಪನ ಮುಖ ನನಗೆ ಇವತ್ತಿಗೂ ಕಣ್ಣಲ್ಲಿದೆ. ಆದರೆ ಇನ್ನೊಂದು ಮಾತು ಬರೆಯುತ್ತೇನೆ, ನೀನು ಬೈದರೂ ಸರಿ. ಅಪ್ಪ ಎಪ್ಪತ್ತು ದಾಟಿ ಬದುಕಿದ. ಸಾಯುವ ವರ್ಷವೂ ತೆಂಗಿನ ಮರ ಹತ್ತಿ ಎಳನೀರು ಕೆಡವಿದ. ಅವನ ಜೊತೆ ಬಂಡೆ ಒಡೆದು ಕಂಬ ಕಡಿಯುತ್ತಿದ್ದವರೆಲ್ಲ, ನಮ್ಮ ಕಾಡಸಿದ್ದಪ್ಪ ಮಾವನೂ ಸೇರಿ, ಕೆಮ್ಮಿ ಕೆಮ್ಮಿ ನಡುವಯಸ್ಸಿಗೇ ಹೋದರು. ಕ್ಷಯ ಅಂದರು ಎಲ್ಲರೂ. ಅಪ್ಪನನ್ನು ಉಳಿಸಿದ್ದು ಆ ಒದ್ದೆ ಬಟ್ಟೆಯೇ ಇರಬಹುದು ಎಂದು ನನಗೆ ಈಗ ಅನ್ನಿಸುತ್ತಿದೆ. ಕಟ್ಟಿಸಿದವರ ಮನಸ್ಸಿನಲ್ಲಿ ಇದ್ದದ್ದು ಬರೀ ಹೊಲಸು. ಅವರಿಗೆ ನಾನು ಸತ್ತರೂ ಕೈ ಮುಗಿಯುವುದಿಲ್ಲ. ಆದರೆ ಬಟ್ಟೆಗೆ ಯಾರು ಏಕೆ ಕಟ್ಟಿಸಿದರು ಎಂದು ಗೊತ್ತಾಗುತ್ತದೆಯೇ? ಅದು ಧೂಳು ತಡೆಯುತ್ತದೆ ಅಷ್ಟೆ.

ಅವರ ಮುಂದೆ ಕಟ್ಟಬೇಡ. ಚಪ್ಪರದೊಳಗೆ ಯಾರೂ ಇಲ್ಲದಾಗ ಕಟ್ಟಿಕೋ. ಆಳು ಬಂದರೆ ಬಿಚ್ಚಿ ಬಾ. ಇಷ್ಟು ಮಾಡುವುದಕ್ಕೆ ಆಗುವುದಿಲ್ಲವೇ? ಹೂಂ ಅಂದರೆ ನಾಳೆಯೇ ಮತ್ತೆ ಕಳಿಸುತ್ತೇನೆ. ಕುರ್ಚಿಯ ಮಾತು ಇನ್ನೊಮ್ಮೆ ಎತ್ತಬೇಡ.

ಓಬಮ್ಮ


ಕಲ್ಲುಬಾವಿಪಾಳ್ಯ
18-4-1982

ಓಬಮ್ಮನಿಗೆ,

ಒಂದೂವರೆ ವರ್ಷಕ್ಕೂ ಮೇಲಾಯಿತು, ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಪ್ರತಿಷ್ಠೆಯ ಕಾರ್ಡು ಕಳಿಸಿದ್ದೆ. ನೀನು ಬಂದೇ ಬರುತ್ತೀಯ ಎಂದು ಪುಟ್ಟಗಂಗಿ ಕಿಬ್ಬನಹಳ್ಳಿ ಕ್ರಾಸಿಗೆ ಹೋಗಿ ಬಸ್ಸು ಬಸ್ಸಿಗೂ ನೋಡಿದಳು. ಕತ್ತಲಾದ ಮೇಲೆ ಗಂಗಣ್ಣನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದ. ಅಷ್ಟು ಸಿಟ್ಟೇ?

ಅಮ್ಮ ಬಹಳ ಚೆನ್ನಾಗಿ ಬಂದಿದ್ದಾಳೆ. ಕೊಬ್ಬರಿ ಎಣ್ಣೆ, ಚಿಪ್ಪಿನ ಮಸಿ ಹಾಕಿ ತಿಕ್ಕಿದ ಮೇಲೆ ಕೆನ್ನೆಯಲ್ಲಿ ನಮ್ಮ ಮುಖ ಕಾಣುತ್ತಿತ್ತು. ಕಣ್ಣು ಬಿಡಿಸುವಾಗ ನಾನು ಅವಳ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ, ನನ್ನ ಉಸಿರು ಅವಳ ರೆಪ್ಪೆಗೆ ತಾಕಿ ಅಲ್ಲಿ ಸ್ವಲ್ಪ ತೇವ ಕೂತಿತು. ಅದನ್ನು ನಾನು ಒರೆಸಲಿಲ್ಲ. ಸಾಯುವವರೆಗೆ ಅದೊಂದು ಸಾಕು ನನಗೆ. ಆಮೇಲೆ ಗುಡಿಯ ಒಳಗೆ ಕೂರಿಸಿದರು. ನಾವು ಹೊರಗಿನಿಂದಲೇ ನೋಡಿದೆವು. ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತಾಳೆ.

ಈಗ ಕೈತುಂಬ ಕೆಲಸ. ಹೊನ್ನವಳ್ಳಿ ಕಡೆಯಿಂದ ಬಂದಿದ್ದಾರೆ, ಚಿಕ್ಕನಾಯಕನಹಳ್ಳಿಯವರು ಎರಡು ಮೂರ್ತಿ ಹೇಳಿದ್ದಾರೆ. ಇನ್ನೊಂದು ಮಿಷನ್ ತಂದೆ. ಪುಟ್ಟಗಂಗಿ ಗೆರೆ ಎಳೆದು ಕೊಡುತ್ತಾಳೆ, ಅವಳ ಕೈ ನಿನ್ನ ಕೈಯೇ. ಅವಳನ್ನು ಚಪ್ಪರದೊಳಗೆ ಬಿಡುವುದಿಲ್ಲ, ಧೂಳು. ನನಗೆ ಚಳಿಗಾಲದ ಕೆಮ್ಮು ಇನ್ನೂ ಬಿಟ್ಟಿಲ್ಲ. ತುರುವೇಕೆರೆಯಲ್ಲಿ ಸೂಜಿ ಹಾಕಿಸಿಕೊಂಡೆ. ಅದೇನೂ ದೊಡ್ಡದಲ್ಲ. ಬಾವಿಯಿಂದ ನೀರು ಸೇದುವುದು ಮಾತ್ರ ಈಗ ರಾಮಕ್ಕನೇ.

ಭಾವನಾದರೂ ಒಂದು ಸಾಲು ಬರೆಯಬಹುದಿತ್ತು.

ಹುಚ್ಚರಂಗಯ್ಯ


ಗಣಿ ಕಾಲೋನಿ
6-11-1983

ಅಣ್ಣ,

ಟೆಲಿಗ್ರಾಂ ತಲುಪಿರುತ್ತದೆ. ಇವರು ಹೋಗಿಬಿಟ್ಟರು. ನೀನು ಹೊರಟು ಬರುವಷ್ಟರಲ್ಲಿ ಈ ಕಾಗದ ನಿನಗೆ ಸಿಗುತ್ತದೋ ಇಲ್ಲವೋ. ಆದರೂ ಬರೆಯುತ್ತೇನೆ. ಎದುರಿಗೆ ಕೂತು ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ.

ಅವರಿಗೆ ಕುರ್ಚಿ ಕೊಟ್ಟದ್ದು ಬಡ್ತಿಯಲ್ಲ. ಸುರಂಗದಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಅವರದು. ಎದೆಯ ಫೋಟೋ ತೆಗೆದ ಡಾಕ್ಟರು ಇನ್ನು ಇಳಿಯಬಾರದು ಅಂದರು, ಅದಕ್ಕೆ ಮೇಲೆ ಕೂರಿಸಿದರು. ಧೂಳು ಎದೆಯೊಳಗೆ ಹೋಗಿ ಅಲ್ಲೇ ಉಳಿಯುತ್ತದಂತೆ. ಬಿಟ್ಟರೂ ಬಿಡುವುದಿಲ್ಲ, ಒಳಗೊಳಗೇ ಬೆಳೆಯುತ್ತದೆ, ಔಷಧಿ ಇಲ್ಲ. ನಿನ್ನ ಮೊದಲನೆಯ ಕಾಗದ ಬಂದಾಗಲೇ ನಮಗೆ ಇದು ಗೊತ್ತಿತ್ತು. ನಾನು ಬರೆಯಹೊರಟೆ. ಇವರು ಬಿಡಲಿಲ್ಲ. "ಬರೀಬ್ಯಾಡ ಕಣೇ. ನಿಮ್ಮಣ್ಣ ದ್ಯಾವ್ರ ಕೆಲ್ಸಕ್ಕೆ ಕೈ ಹಾಕವ್ನೆ. ಸಾಯೋರ ಸುದ್ದಿ ಯಾಕೆ ಕಳಿಸ್ತೀಯ" ಅಂದರು. ತಲೆ ಮುಟ್ಟಿಸಿಕೊಂಡು ಆಣೆ ಹಾಕಿಸಿದರು.

ಆ ಮಾಸ್ಕು ಸ್ಟೋರಿನ ಹೊಸದಲ್ಲ. ಅವರದೇ. ಅದೂ ಅವರ ಕೈಗೆ ಸಿಕ್ಕಿದ್ದು ಕೊರೆಯುವ ಕೆಲಸವೆಲ್ಲ ಮುಗಿದ ಮೇಲೆ. ನೀನು ವಾಪಸು ಕಳಿಸಿದ ದಿನ ಅವರು ಅದನ್ನು ಮೊಳೆಗೆ ನೇತುಹಾಕಿ "ಬೇಕಾದಾಗ ನಂಗೆ ಸಿಗ್ನಿಲ್ಲ, ಸಿಕ್ದೋನು ಕಟ್ಕಳ್ನಿಲ್ಲ" ಅಂದು ನಕ್ಕರು. ನಗು ಕೆಮ್ಮಾಯಿತು. ಪ್ರತಿಷ್ಠೆಯ ಕಾರ್ಡು ಬಂದಾಗ ಅವರು ಮಲಗುವ ಹಾಗೂ ಇರಲಿಲ್ಲ. ಮಲಗಿದರೆ ಉಸಿರು ನಿಲ್ಲುತ್ತಿತ್ತು. ಗೋಡೆಗೆ ಒರಗಿ, ದಿಂಬು ತಬ್ಬಿಕೊಂಡು, ಹಗಲೂ ರಾತ್ರಿ ಕೂತೇ ಇದ್ದರು. ಅದಕ್ಕೆ ಬರಲಿಲ್ಲ ಅಣ್ಣ. ಸಿಟ್ಟಿಗಲ್ಲ.

ಆಣೆ ಮುರಿದು ಅವತ್ತೇ ಬರೆದಿದ್ದರೆ ನೀನು ಕಟ್ಟಿಕೊಳ್ಳುತ್ತಿದ್ದೆಯಾ? ನಿನ್ನನ್ನು ಕೇಳುತ್ತಿಲ್ಲ. ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಓಬಮ್ಮ


ಗಣಿ ಕಾಲೋನಿ
22-1-1984

ಅಣ್ಣ,

ನೀನು ತಿಥಿ ಮುಗಿಸಿಕೊಂಡು ಹೊರಟಾಗ ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ ಎರಡು ಸಲ ನಿಂತೆ. ಬೀಡಿ ಕೊಳ್ಳುವವನ ಹಾಗೆ ಅತ್ತ ಇತ್ತ ನೋಡಿದೆ. ನಾನು ನೋಡಿಬಿಟ್ಟೆ. ಇವರೂ ಹಾಗೆಯೇ ಮಾಡುತ್ತಿದ್ದರು.

ಅಷ್ಟು ಜಗಳವಾಡಿ ನಿನ್ನ ಎದೆಯ ಫೋಟೋ ತೆಗೆಸಿದ್ದೆನಲ್ಲ, ಅದನ್ನು ನೋಡುವ ದೊಡ್ಡ ಡಾಕ್ಟರು ಮೊನ್ನೆ ಬಂದರು. ಇವರದನ್ನೂ ನಿನ್ನದನ್ನೂ ಅಕ್ಕಪಕ್ಕ ದೀಪದ ಮುಂದೆ ಹಿಡಿದರು. ಎರಡರಲ್ಲೂ ಕರಿಯ ಎದೆಗೂಡಿನ ತುಂಬ ಬಿಳಿಯ ರವೆ ಚೆಲ್ಲಿದ ಹಾಗೆ ಇತ್ತು. ಯಾವುದು ಗಂಡನದು, ಯಾವುದು ಅಣ್ಣನದು ಎಂದು ನನಗೆ ತಿಳಿಯಲಿಲ್ಲ. ಡಾಕ್ಟರು ಮೂಲೆಯಲ್ಲಿದ್ದ ಹೆಸರು ಓದಿ ಹೇಳಬೇಕಾಯಿತು.

ನೀನು ಇಲ್ಲಿದ್ದಾಗ ಆ ಚಿಕ್ಕ ಡಾಕ್ಟರು ನಿನ್ನ ಬೆನ್ನಿನ ಮೇಲೆ ಬೆರಳಿಟ್ಟು, ಆ ಬೆರಳ ಮೇಲೆ ಇನ್ನೊಂದು ಬೆರಳಿನಿಂದ ಮೇಲಿಂದ ಕೆಳಗೆ ತಟ್ಟಿಕೊಂಡು ಬಂದನಲ್ಲ, ನನಗೆ ಅಪ್ಪ ಕಲ್ಲು ತಟ್ಟುತ್ತಿದ್ದದ್ದೇ ಕಂಡಿತು. ನಾನೂ ಕಿವಿ ಕೊಟ್ಟೆ. ನಡುವೆ ದನಿ ಮಂಕಾಯಿತು ಅಣ್ಣ. ಫೋಟೋ ನೋಡುವ ಮೊದಲೇ ನನಗೆ ಗೊತ್ತಾಯಿತು. ನಿನಗೂ ಗೊತ್ತಾಗಿರಬೇಕು, ಅದಕ್ಕೇ ನೀನು ಅಂಗಿ ಹಾಕಿಕೊಂಡು ನನ್ನ ಕಡೆ ತಿರುಗದೆ ಹೊರಟೆ.

ಇನ್ನು ಮಿಷನ್ ಮುಟ್ಟಬೇಡ. ಕೈ ಕಟ್ಟಿಕೊಂಡು ಕೂರು ಎಂದರೆ ನೀನು ಕೂರುವವನಲ್ಲ. ಮಾಡಿದರೆ ಬಳಪದ ಕಲ್ಲಿನಲ್ಲಿ ಮಾಡು, ಮೆದುವಾಗಿರುತ್ತದೆ, ಕೈ ಉಳಿ ಸಾಕು. ಸದಾ ಒದ್ದೆ ಇರಲಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು ಮಾಡು. ಮೊಳೆಯ ಮೇಲಿದ್ದದ್ದನ್ನು ಮತ್ತೆ ಕಳಿಸುತ್ತಿದ್ದೇನೆ. ಹೊಸ ಬಿಲ್ಲೆ ಹಾಕಿಸಿದ್ದೇನೆ. ಈ ಸಲ ವಾಪಸು ಕಳಿಸಬೇಡ, ತೆಗೆದುಕೊಳ್ಳುವುದಕ್ಕೆ ಈ ಮನೆಯಲ್ಲಿ ಯಾರೂ ಇಲ್ಲ.

ಓಬಮ್ಮ


ಕಲ್ಲುಬಾವಿಪಾಳ್ಯ
10-3-1985

ಓಬಿ,

ನಿಧಾನವಾಗಿ ಬರೆಯುತ್ತೇನೆ. ಒಂದು ಸಾಲು ಬರೆದು ಸುಧಾರಿಸಿಕೊಳ್ಳಬೇಕು. ಈ ಕಾಗದ ಮುಗಿಯಲು ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ.

ಮಿಷನ್ ಎರಡನ್ನೂ ಮಾರಿದೆ. ಕೊಂಡವನಿಗೆ ಧೂಳಿನ ವಿಷಯ ಹೇಳಿದೆ. ಅವನು ನಕ್ಕ. ನಾನು ನಕ್ಕ ಹಾಗೆಯೇ.

ನಿನ್ನ ಮಾಸ್ಕು ಬಂದ ದಿನವೇ ಕಟ್ಟಿಕೊಂಡೆ. ಗಡ್ಡ ಬೋಳಿಸಿ, ಪಟ್ಟಿ ಎಳೆದು, ಅಂಗೈ ಇಟ್ಟು ನೋಡಿದೆ. ಮುಖಕ್ಕೆ ಸರಿಯಾಗಿ ಕೂತಿತು. ಉಸಿರು ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಬಾವಿಯೊಳಗೆ ಮುಳುಗಿದ ಹಾಗಾಯಿತು. ರಾಮಕ್ಕ ಓಡಿ ಬಂದು ಕಿತ್ತಳು. ಆ ಬಿಲ್ಲೆಯ ಮೂಲಕ ಗಾಳಿ ಎಳೆಯುವುದಕ್ಕೆ ಒಳ್ಳೆಯ ಎದೆ ಬೇಕು ಓಬಿ. ನನ್ನದರಲ್ಲಿ ಅಷ್ಟು ಉಳಿದಿಲ್ಲ. ಕಟ್ಟಿಕೊಳ್ಳಬಹುದಾಗಿದ್ದಾಗ ಕಟ್ಟಿಕೊಳ್ಳಲಿಲ್ಲ.

ನೀನು ಅವತ್ತೇ ಬರೆದಿದ್ದರೆ ಕಟ್ಟಿಕೊಳ್ಳುತ್ತಿದ್ದೆನೋ ಏನೋ. ನಾನೂ ಯೋಚನೆ ಮಾಡಿದೆ. ಕಟ್ಟಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತದೆ. ಇದು ನಿನ್ನ ಸಮಾಧಾನಕ್ಕೆ ಬರೆದದ್ದಲ್ಲ. ಆಣೆಯನ್ನು ತಲೆಯಿಂದ ಇಳಿಸು.

ನಾನೂ ಈಗ ಕೂತೇ ಇರುತ್ತೇನೆ. ಗೋಡೆಗೆ ಒರಗಿ, ದಿಂಬು ತಬ್ಬಿಕೊಂಡು. ಭಾವನ ಕುರ್ಚಿ ನನಗೂ ಬಂತು.

ಕೆಲಸ ಪುಟ್ಟಗಂಗಿಯದು. ಬೇಡ ಅಂದೆ, ಕೇಳಲಿಲ್ಲ. ಬಳಪದ ಕಲ್ಲಿನಲ್ಲಿ ಒಂದು ನಾಗರಕಲ್ಲು ಹಿಡಿದಿದ್ದಾಳೆ. ತೆಂಗಿನ ಮರದ ಕೆಳಗೆ, ಬಯಲಿನಲ್ಲಿ. ಪಕ್ಕದಲ್ಲಿ ಕೊಡ ಇರುತ್ತದೆ. ಮಾಸ್ಕು ಅವಳೇ ಹಾಕಿಕೊಂಡಳು. ನಾನು ಹೇಳಿದ್ದಲ್ಲ. ನಾನು ನಮ್ಮ ಮನೆ ಜಗುಲಿಯಿಂದ ಕೈಸನ್ನೆ ಮಾಡುತ್ತೇನೆ, ಅವಳು ನೋಡಿಕೊಂಡು ಉಳಿ ತಿರುಗಿಸುತ್ತಾಳೆ. ನಿನ್ನ ಕೈ.

ಮೊನ್ನೆ ಶಂಭುಲಿಂಗಯ್ಯನವರು ತೋಟದ ದಾರಿಯಲ್ಲಿ ಬಂದರು. ನಿಂತು ನೋಡಿದರು. "ಪರ್ವಾಗಿಲ್ಲ ಕಣಪ್ಪ ಹುಚ್ಚರಂಗ. ಮಗ್ಳಾದ್ರೂ ಪದ್ಧತಿ ಕಲ್ತವ್ಳೆ. ದ್ಯಾವ್ರ ಕೆಲ್ಸಕ್ಕೆ ಬಾಯ್ ಕಟ್ಕಂಡವ್ಳೆ" ಅಂದರು. ಸಂತೋಷವಾಗಿತ್ತು ಅವರಿಗೆ.

ಐದು ವರ್ಷದ ಹಿಂದೆ ಅವರ ಜಗುಲಿ ಮುಂದೆ ಹೇಳಿದ ಮಾತು ನನ್ನ ಗಂಟಲಿಗೆ ಬಂತು. ಎದ್ದೆ. ಅರ್ಧ ಎದ್ದೆ. ಬಾಯಿ ತೆರೆದೆ. ಮಾತಿಗೆ ಉಸಿರು ಸಾಲಲಿಲ್ಲ. ಕೆಮ್ಮು ಬಂತು. ಅವರು ನಾನು ಒಪ್ಪಿದೆ ಎಂದುಕೊಂಡರು, ತಲೆ ಆಡಿಸಿದರು.

ಪುಟ್ಟಗಂಗಿ ಉಳಿ ಕೆಳಗಿಟ್ಟಳು. ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. "ದ್ಯಾವ್ರಿಗಲ್ಲ ಕಣ್ರೀ ಇದು, ನನ್ ಉಸ್ರಿಗೆ. ನಮ್ಮಪ್ಪನ ಉಸ್ರೆಲ್ಲ ನಿಮ್ ಗುಡಿ ಒಳ್ಗೇ ಐತೆ, ಹೋಗಿ ನೋಡ್ಕಳಿ" ಅಂದಳು. ಜೋರಾಗಿ ಅನ್ನಲಿಲ್ಲ. ಅವರು ಬಂದ ದಾರಿ ಹಿಡಿದು ಹೋದರು. ಅವಳು ಮಾಸ್ಕು ಮೇಲಕ್ಕೆ ಎಳೆದುಕೊಂಡು ಕಲ್ಲಿಗೆ ನೀರು ಹುಯ್ದಳು.

ಬಿಲ್ಲೆ ಮಾಸಿದೆ. ಹೊಸದು ಸಿಕ್ಕಿದರೆ ಕಳಿಸು.

ಅಣ್ಣ